ಎಮ್ಮೆ ಕೊಟ್ಟಿಗೆಯಲ್ಲಿ ಮದುವೆ ಕುದುರೆ

ಎಮ್ಮೆ ಸಾಕಿದವರ ಮನೆಗೆ ಜನ ಹಾಲಿಗೆ ಬರುತ್ತಾರೆ, ಚೊಂಬು ತುಂಬಿಸಿಕೊಂಡು ಹೋಗುತ್ತಾರೆ. ಕುದುರೆ ಕಟ್ಟಿಕೊಂಡವರ ಮನೆಗೆ ಯಾಕೆ ಬರುತ್ತಾರೆ ಅಂತ ಹೇಳುವುದಕ್ಕೆ ಬರುವುದಿಲ್ಲ. ಬಂದವರು ಬೇಗ ಹೋಗುವುದೂ ಇಲ್ಲ. ಒಂದು ರಗಳೆ ಮುಗಿಯಿತು ಅಂತ ಕೈ ತೊಳೆದು ಕೂರುವಷ್ಟರಲ್ಲಿ ಇನ್ನೊಂದು ಗೇಟಿನ ಹತ್ತಿರ ನಿಂತು "ಅಕ್ಕಾ" ಅನ್ನುತ್ತಿರುತ್ತದೆ.

ಕುದುರೆ ನಮ್ಮದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರದುರ್ಗದ ಸಾಹೇಬರೊಬ್ಬರದು. ಮದುವೆ ಮೆರವಣಿಗೆಗೆ ಬಾಡಿಗೆ ಹೋಗುವ ಬಿಳಿ ಹೆಣ್ಣು ಕುದುರೆ. ಅವರ ಲಾಯದ ಗೋಡೆ ಮಳೆಗೆ ಕುಸಿಯಿತು. ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿರುವ ನಮ್ಮ ಮನೆಯವರು ಅದೇ ಹೊತ್ತಿಗೆ ಅವರ ಕಣ್ಣಿಗೆ ಬಿದ್ದರು. ನಮ್ಮ ಎಮ್ಮೆ ಕೊಟ್ಟಿಗೆಯಲ್ಲಿ ಒಂದು ಗೂಟ ಖಾಲಿ ಇತ್ತು. ಗೋಡೆ ಏಳುವ ತನಕ ಕಟ್ಟಿಕೊಳ್ಳಿ, ಮದುವೆ ಇದ್ದ ದಿನ ನಾನೇ ಬಂದು ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದರಂತೆ ಸಾಹೇಬರು. ಇವರು ಹೂಂ ಅಂದು ಬಂದರು. ಕೊಟ್ಟಿಗೆ ಗುಡಿಸುವವಳು ನಾನು, ಹೂಂ ಅನ್ನುವವರು ಇವರು. ಸಾಹೇಬರು ಒಳ್ಳೆಯ ಮನುಷ್ಯರು. ಹುರುಳಿ, ಬೂಸಾ, ಹುಲ್ಲು ಯಾವತ್ತೂ ತಪ್ಪಿಸಿಲ್ಲ. ತಪ್ಪುತ್ತಿರುವುದು ಗೋಡೆ ಮಾತ್ರ. ಈಗ ಅಲ್ಲಿ ಗೋಡೆಯ ಬದಲು ಅವರ ತಮ್ಮನ ಪಂಕ್ಚರ್ ಅಂಗಡಿ ಎದ್ದಿದೆ.

ಗುಂಡಿ

ಕುದುರೆ ನಿಂತುಕೊಂಡೇ ನಿದ್ದೆ ಮಾಡುತ್ತದೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ಎಮ್ಮೆಗಳೆಲ್ಲ ಮಲಗಿ ಮೆಲುಕು ಹಾಕುತ್ತಿದ್ದರೆ ಇವಳೊಬ್ಬಳು ಕಂಬದ ಹಾಗೆ ನಿಂತಿರುತ್ತಿದ್ದಳು. ನಮ್ಮ ಅತ್ತೆಗೆ ಅದೇ ಕೊರಗು. ಬಂದ ಮನೆ ಹಿಡಿಸಿಲ್ಲ, ಪಾಪ, ಕೂರಲಿಕ್ಕೂ ಸಂಕೋಚ ಪಡುತ್ತಾಳೆ ಅಂತ ಕೊಟ್ಟಿಗೆಗೆ ಹೋಗಿ ಕೂರು ಅಂತ ಹೇಳಿ ಬರುತ್ತಿದ್ದರು. ನಿಂತೇ ಮಲಗುತ್ತವೆ ಅಂತ ಸಾಹೇಬರು ಫೋನಿನಲ್ಲಿ ಹೇಳಿದ ಮೇಲೆ ಅತ್ತೆ ಅದನ್ನು ಬೀದಿಗೆಲ್ಲ ಹೇಳಿ ಬಂದರು. ಕುದುರೆ ಮಲಗುವುದೇ ಇಲ್ಲ, ಮಲಗಿದರೆ ಮುಗಿಯಿತು ಅಂತಲೇ ತಿಳಿಯಿರಿ ಅಂತ ಒಂದೆರಡು ಮಾತು ಸೇರಿಸಿಯೂ ಹೇಳಿದ್ದರು.

ಒಂದು ದಿನ ನಾನು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಮ್ಮ ಹಿತ್ತಲ ತುಂಬ ಜನ. ಬಿಸಿಲು ಕಾಯಿಸಲು ಹೊರಗೆ ಕಟ್ಟಿದ್ದ ಕುದುರೆ ನಾಲ್ಕೂ ಕಾಲು ಚಾಚಿ, ಕುತ್ತಿಗೆ ನೆಲಕ್ಕೆ ಹಾಕಿ ಬಿದ್ದಿದ್ದಳು. ಉಸಿರಾಡುತ್ತಿದ್ದಾಳಾ ಅಂತ ನೋಡಲು ಯಾರೂ ಹತ್ತಿರ ಹೋಗಿರಲಿಲ್ಲ. ಒದ್ದರೆ ಅಂತ ಹೆದರಿಕೆ. ಸತ್ತ ಕುದುರೆ ಒದೆಯುತ್ತದಾ ಅಂತ ಯಾರೂ ಯೋಚಿಸಿರಲಿಲ್ಲ. ಪಕ್ಕದ ಮನೆಯವಳು ತೆಂಗಿನ ಗರಿಯ ತುದಿಗೆ ಕುಂಕುಮ ಹಚ್ಚಿ, ದೂರದಿಂದಲೇ ಅದರ ಹಣೆಗೆ ಇಟ್ಟಿದ್ದಳು. ಇನ್ನೊಬ್ಬರು ಚೆಂಡುಹೂವಿನ ಹಾರವನ್ನು ಗುರಿಯಿಟ್ಟು ಎಸೆದಿದ್ದರು. ನೊಣ ಕೂತು ಕಿವಿ ಅಲುಗಿದ್ದನ್ನು ನಾನು ನೋಡಿದೆ. ಕಿವಿ ಆಡಿತಲ್ಲ ಅಂದೆ. ಜೀವ ಹೋದ ಮೇಲೂ ಒಂದಷ್ಟು ಹೊತ್ತು ನರ ಆಡುತ್ತವೆ ಅಂತ ಎದುರು ಮನೆಯ ಯಜಮಾನರು ನನಗೆ ಸಮಾಧಾನ ಹೇಳಿದರು.

ಸಾಹೇಬರಿಗೆ ತಿಳಿಸಿದಿರಾ ಅಂತ ಇವರನ್ನು ಕೇಳಿದೆ. ಧೈರ್ಯ ಬರಲಿಲ್ಲ, ಅದಕ್ಕೆ ಮೊದಲು ಜೆಸಿಬಿಯವನಿಗೆ ಹೇಳಿದೆ ಅಂದರು. ಅಷ್ಟರಲ್ಲಿ ಜೆಸಿಬಿ ಹಿಂದಿನ ಓಣಿಯಿಂದ ನನ್ನ ಅವರೆ ಚಪ್ಪರವನ್ನು ನೆಲಸಮ ಮಾಡಿಕೊಂಡು ಒಳಗೆ ಬಂತು. ಆ ಸದ್ದಿಗೆ ಕುದುರೆ ದಡಕ್ಕನೆ ಎದ್ದು, ಮೈ ಕೊಡವಿ, ಕೊರಳಿಗೆ ಬಿದ್ದಿದ್ದ ಹಾರವನ್ನು ತಿನ್ನತೊಡಗಿತು. ಜನರಿಗೆ ಸಂತೋಷವಾಗಬೇಕಿತ್ತು. ಅವರ ಮುಖ ನೋಡಿದರೆ ಬಸ್ ತಪ್ಪಿಸಿಕೊಂಡವರ ಹಾಗಿತ್ತು.

ಜೆಸಿಬಿಯವನು ಇಂಜಿನ್ ಆಫ್ ಮಾಡದೆ ತಲೆ ಹೊರಗೆ ಹಾಕಿದ. "ಬಂದಿದ್ದಂತೂ ಆತಲ್ಲಕ್ಕ. ಸುಮ್ನೆ ಯಾಕೆ ವಾಪಸ್ ಕಳಿಸ್ತೀರಿ, ಏನಾದ್ರೂ ತೋಡಿಸ್ಕಳ್ರಿ" ಅಂದ.

ನಮ್ಮ ಮನೆಗೆ ತಿಪ್ಪೆಗುಂಡಿ ಆದದ್ದು ಹೀಗೆ.

ಲಾಳ

ಕುದುರೆ ಲಾಳವನ್ನು ಬಾಗಿಲಿಗೆ ಹೊಡೆದರೆ ಮನೆಗೆ ಒಳ್ಳೆಯದು ಅಂತ ನಂಬಿಕೆ. ಅಂಗಡಿಯ ಹೊಸ ಲಾಳ ನಡೆಯುವುದಿಲ್ಲ, ಕುದುರೆ ಕಾಲಲ್ಲಿ ಸವೆದದ್ದೇ ಆಗಬೇಕು. ಇವಳಿಗೆ ಇರುವುದು ನಾಲ್ಕು ಕಾಲು. ನಮ್ಮ ಬಡಾವಣೆಯಲ್ಲಿ ಇರುವ ಬಾಗಿಲುಗಳನ್ನು ಎಣಿಸುವವರು ಯಾರು? ಬ್ಯಾಂಕಿನವರು ಬಂದರು, ಬೇಕರಿಯವರು ಬಂದರು, ಹೊಸ ಮನೆ ಕಟ್ಟಿದವರು ಬಂದರು, ಮನೆ ಕಟ್ಟಬೇಕು ಅಂದುಕೊಂಡವರೂ ಬಂದರು. ಎಲ್ಲರೂ ಮೊದಲು ಎಮ್ಮೆ ಹೇಗಿವೆ ಅಂತ ಕೇಳಿ, ಆಮೇಲೆ ಬಗ್ಗಿ ಕುದುರೆ ಕಾಲು ನೋಡುತ್ತಿದ್ದರು.

ಇವರೆಲ್ಲರಲ್ಲಿ ಬಿಡದೆ ಹಿಡಿದವರು ನಿವೃತ್ತ ಹೆಡ್‌ಮಾಸ್ತರರು. ಅವರಿಗೆ ಮುಂದಿನ ಬಲಗಾಲಿನ ಲಾಳವೇ ಬೇಕು. ಯಾರೋ ಜ್ಯೋತಿಷಿ ಹೇಳಿದ್ದರಂತೆ. ಇನ್ನೂ ಗಟ್ಟಿಯಾಗಿದೆ ಸಾರ್, ಸವೆಯಲಿಕ್ಕೆ ಹೊತ್ತಾಗುತ್ತದೆ ಅಂತ ನಾನು ಸಾಗಹಾಕಲು ನೋಡಿದೆ. ಹೊತ್ತು ಯಾಕೆ ಆಗುತ್ತದೆ ಅಂತ ಅವರು ವಿಜ್ಞಾನದ ಪಾಠ ಶುರು ಮಾಡಿದರು. ಮಣ್ಣಿನಲ್ಲಿ ನಿಂತರೆ ಕಬ್ಬಿಣ ಸವೆಯುವುದಿಲ್ಲ, ಟಾರ್ ರಸ್ತೆಯ ಮೇಲೆ ನಡೆಸಬೇಕು, ನಡೆಸುವ ಕೆಲಸ ನನಗೆ ಬಿಡಿ ಅಂದರು.

ಮಾರನೆಯ ದಿನದಿಂದ ಬೆಳಗಾದರೆ ಮಂಕಿ ಟೋಪಿ, ಮಫ್ಲರ್, ಕ್ಯಾನ್ವಾಸ್ ಬೂಟು ಹಾಕಿಕೊಂಡು ಹಾಜರು. ಕುದುರೆ ಹಗ್ಗ ಹಿಡಿದು ಚಿತ್ರದುರ್ಗದ ರಸ್ತೆಯಲ್ಲಿ ಹೊರಟರೆ ಬಿಸಿಲೇರಿದ ಮೇಲೆ ವಾಪಸ್. ಬಂದವರೇ ಲಾಳ ಎತ್ತಿ ನೋಡಿ, ಇನ್ನೂ ಇದೆ ಅಂತ ನನ್ನ ಕಡೆ ಅನುಮಾನದಿಂದ ನೋಡುವುದು. ನಾನೇನು ಅವರಿಲ್ಲದಾಗ ಲಾಳಕ್ಕೆ ಕಬ್ಬಿಣ ಬಳಿಯುತ್ತೇನಾ?

ಲಾಳ ಕಟ್ಟುವವನು ಬಂದು ಹೊಸದು ಹೊಡೆದಾಗ ಆ ಹಳೆಯದನ್ನು ಅವರ ಕೈಗೆ ಹಾಕಿ ಕೈ ಮುಗಿದೆ. ಪೀಡೆ ಕಳೆಯಿತು ಅಂದುಕೊಂಡೆ. ಅದೇ ವಾರ ಅವರು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಎಷ್ಟೋ ವರ್ಷದಿಂದ ಯಾವ ಮಾತ್ರೆಗೂ ಬಗ್ಗದ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿತ್ತು. ದಿನಾ ನಡೆದಿರಲ್ಲ ಸಾರ್, ಅದಕ್ಕೆ ಇಳಿದಿದೆ ಅಂತ ನಾನು ಹೇಳಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಬಾಗಿಲಿಗೆ ಲಾಳ ಹೊಡೆದ ವಾರಕ್ಕೇ ಗುಣ ಕಂಡಿತು ಅಂತ ಊರೆಲ್ಲ ಹೇಳಿಕೊಂಡು ಬಂದರು.

ಈಗ ನಮ್ಮ ಮನೆಗೆ ಸಕ್ಕರೆ ಕಾಯಿಲೆಯವರೂ ಬರುತ್ತಾರೆ.

ಒಂದು ಚಮಚ ಹಾಲು

ಕುದುರೆ ಬಂದ ಮೇಲೆ, ದಿನಾ ನಮ್ಮಲ್ಲಿ ವರ್ತನೆ ಹಾಲು ಕೊಳ್ಳುತ್ತಿದ್ದ ಮನೆಯೊಂದು ಬಿಟ್ಟುಹೋಯಿತು. ಎಮ್ಮೆ ಹಾಲಿಗೆ ಕುದುರೆದ್ದು ಬೆರೆಸುತ್ತೇನೆ ಅಂತ ಅವರ ಅನುಮಾನ. ಆ ಹಾಲು ಕುಡಿದು ತಮ್ಮ ಮಗ ಮನೆಯಲ್ಲಿ ತುಂಬಾ ಓಡಾಡುತ್ತಾನೆ ಅನ್ನುವುದು ಅವರ ಸಾಕ್ಷಿ.

ಅದೇ ವಾರ ಇನ್ನೊಂದು ಬೀದಿಯ ಹೆಂಗಸು ಹಿತ್ತಲ ಬಾಗಿಲಿಗೆ ಬಂದು, ಸೆರಗಿನೊಳಗಿಂದ ಒಂದು ಸಣ್ಣ ಲೋಟ ತೆಗೆದರು. ಮೊಮ್ಮಗುವಿಗೆ ಕೆಮ್ಮಂತೆ, ಕತ್ತೆ ಹಾಲು ಎಲ್ಲೂ ಸಿಗಲಿಲ್ಲವಂತೆ, ಕುದುರೆದಾದರೂ ಒಂದು ಚಮಚ ಕೊಡಿ ಅಂತ ಕೇಳಿದರು. ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗಿ ಅಂದೆ. ಅಲ್ಲಿಗೂ ಹೋಗುತ್ತೇವೆ, ಇದೂ ಇರಲಿ ಅಂದರು. ಹಾಲು ಬರಬೇಕಾದರೆ ಮರಿ ಹಾಕಿರಬೇಕಲ್ಲ, ಇವಳಿಗೆ ಗಂಡೇ ಗೊತ್ತಿಲ್ಲ, ಮದುವೇನೇ ಆಗಿಲ್ಲ ಅಂತ ಬಿಡಿಸಿ ಹೇಳಿದೆ.

ಆ ಹೆಂಗಸು ಕುದುರೆಯನ್ನು ಮೇಲಿಂದ ಕೆಳಗೆ ನೋಡಿ ನಿಜವಾಗಿ ನೊಂದುಕೊಂಡರು. "ಊರೋರ್ ಮದುವೆಗೆಲ್ಲ ಹೋಗ್ತಾಳೆ, ಅವಳದ್ದೊಂದು ಮಾಡಾಕೆ ಯಾರಿಗೂ ಮನಸ್ಸು ಬರ್ಲಿಲ್ವಾ?"

ಆರತಿ

ಮದುವೆ ಕುದುರೆಗೆ ಒಂದು ಅಭ್ಯಾಸ ಇರುತ್ತದೆ. ಛತ್ರದ ಚಪ್ಪರದ ಮುಂದೆ ಮದುಮಗನನ್ನು ಹೊತ್ತು ನಿಲ್ಲುವುದು, ಹೆಣ್ಣಿನ ಕಡೆಯವರು ಆರತಿ ಎತ್ತುವುದು, ಆರತಿ ಆದ ಕೂಡಲೇ ಸಾಹೇಬರು ಅವಳ ಬಾಯಿಗೆ ಒಂದು ಅಚ್ಚು ಬೆಲ್ಲ ಇಡುವುದು. ಬೆಲ್ಲ ಬಾಯಿಗೆ ಬಿದ್ದ ಮೇಲೆಯೇ ಅವಳು ಅಲ್ಲಿಂದ ಕದಲುವುದು. ಇದು ಸಾಹೇಬರಿಗೆ ಗೊತ್ತಿತ್ತು, ಕುದುರೆಗೆ ಗೊತ್ತಿತ್ತು. ನಮ್ಮ ಮನೆಯವರಿಗೆ ಗೊತ್ತಿರಲಿಲ್ಲ.

ಒಂದು ಸಲ ಲಾಳ ಕಟ್ಟುವವನು ಮನೆಗೆ ಬರಲಾಗದೆ ಇವರೇ ಕುದುರೆಯನ್ನು ಊರಿನ ಆ ತುದಿಗೆ ಹೊಡೆದುಕೊಂಡು ಹೋದರು. ವಾಪಸ್ ಬರುವಾಗ, ಇಷ್ಟು ದಿನ ಹುಲ್ಲು ಹಾಕಿದ್ದೇನೆ, ಒಂದು ದಿನ ಹತ್ತಿದರೆ ತಪ್ಪೇನು ಅಂತ ಅನ್ನಿಸಿತಂತೆ. ಕಟ್ಟೆಯೊಂದರ ಮೇಲೆ ನಿಂತು ಹತ್ತಿದರು. ಇವರು ಮಂಡಿಗೆ ಬಿಳಿ ಪಂಚೆ, ಬಿಳಿ ಅಂಗಿಯಲ್ಲೇ ಹೋಗುವವರು. ಬಿಸಿಲು ಜಾಸ್ತಿ ಅಂತ ಜರಿ ಅಂಚಿನ ಶಲ್ಯವನ್ನು ತಲೆಗೆ ಸುತ್ತಿಕೊಂಡಿದ್ದರು. ದಾರಿಯಲ್ಲಿ ಒಂದು ಕಲ್ಯಾಣ ಮಂಟಪ. ಹೆಣ್ಣಿನ ಕಡೆಯವರು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಹಿರಿಯೂರಿನಿಂದ ಬರಬೇಕಾದ ಗಂಡಿನ ಬಸ್ಸಿಗೆ ಕಾಯುತ್ತಿದ್ದರು. ಬಿಳಿ ಕುದುರೆ ಕಂಡಿದ್ದೇ ತಡ, ವಾಲಗದವರು ಊದಲು ಶುರು ಮಾಡಿಬಿಟ್ಟರು.

ಕುದುರೆ ತನ್ನ ಕೆಲಸಕ್ಕೆ ಹಾಜರಾಯಿತು. ಕತ್ತು ಎತ್ತಿ, ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾ ಹೋಗಿ ಚಪ್ಪರದ ಕೆಳಗೆ ನಿಂತಿತು. ಇವರು ಲಗಾಮು ಎಳೆದರು, ಹೊಟ್ಟೆಗೆ ತಿವಿದರು, ಕೊನೆಗೆ ಬೇಡಿಕೊಂಡರು. ಇಳಿಯೋಣ ಅಂದರೆ ಹತ್ತಿಸಿದ ಕಟ್ಟೆ ಅಲ್ಲಿಲ್ಲ. ಹೆಣ್ಣಿನ ಸೋದರಮಾವ ಹತ್ತಿರ ಬಂದು, ಯಾರು ನೀವು ಅಂತ ಬಹಳ ಮರ್ಯಾದೆಯಿಂದ ಕೇಳಿದರು. ಅವರ ಕಣ್ಣೆಲ್ಲ ಇವರ ನರೆತ ಮೀಸೆಯ ಮೇಲಿತ್ತು. ಇವರು ಅಡಿಕೆ ಮಂಡಿಯಿಂದ ಶುರು ಮಾಡಿ ಎಲ್ಲ ವಿವರಿಸಿದರು. ಅಷ್ಟರಲ್ಲಿ ನಿಜವಾದ ಗಂಡಿನ ಬಸ್ಸೂ ಬಂದು ಹಿಂದೆ ಹಾರನ್ ಹೊಡೆಯತೊಡಗಿತು. ಮುಂದೆ ಕುದುರೆ, ಹಿಂದೆ ಬಸ್ಸು, ಒಳಗೆ ಮುಹೂರ್ತ ಮೀರುತ್ತದೆ ಅಂತ ಪುರೋಹಿತರ ಕೂಗು.

ಸಾಹೇಬರಿಗೆ ಫೋನ್ ಹೋಯಿತು. ಆರತಿ ಎತ್ತಿ ಬೆಲ್ಲ ಕೊಡಿ, ಬೇರೆ ದಾರಿಯಿಲ್ಲ ಅಂದರು ಅವರು. ಇಬ್ಬರು ಮುತ್ತೈದೆಯರು ನಮ್ಮ ಮನೆಯವರಿಗೆ ಆರತಿ ಎತ್ತಿ, ಹಾಡು ಹೇಳಿ, ಹಣೆಗೆ ಕುಂಕುಮ ಇಟ್ಟರು. ಅಡುಗೆಮನೆಯಿಂದ ಬೆಲ್ಲ ಬಂತು. ಕುದುರೆ ಅದನ್ನು ನಿಧಾನವಾಗಿ ತಿಂದು ಮುಗಿಸಿ ದಾರಿ ಬಿಟ್ಟಿತು. ವಿಡಿಯೋದವನು ಒಂದನ್ನೂ ಬಿಡದೆ ಹಿಡಿದಿದ್ದಾನಂತೆ.

ಹಣೆ ತುಂಬ ಕುಂಕುಮ ಹೊತ್ತು ಮನೆಗೆ ಬಂದವರನ್ನು ಕೂರಿಸಿ ಎಲ್ಲ ಕೇಳಿದೆವು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ನಿಟ್ಟುಸಿರು ಬಿಟ್ಟರು. "ಬೀಗರು ಅಂದ್ರೆ ಹಂಗಿರ್ಬೇಕು ನೋಡು. ನಿಮ್ಮಪ್ಪನ ಮನೆಯೋರು ಕಾಲಿಗೆ ಒಂದು ಚೊಂಬು ನೀರು ಕೊಟ್ಟು ಒಳಗೆ ಬರ್ರಿ ಅಂದಿದ್ರು, ಅಷ್ಟೇಯ."

ಮಗಳು ಹೆಂಗವಳೆ

ನಮ್ಮ ಮಗಳು ಬಿ.ಎಡ್. ಮುಗಿಸಿ ಇಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನೂ ಮೇಷ್ಟ್ರು. ಜಾತಕ ಕೂಡಿತು, ಫೋಟೋ ಒಪ್ಪಿಗೆಯಾಯಿತು. ಭಾನುವಾರ ಹೆಣ್ಣು ನೋಡಲು ಬರುವುದು ಅಂತ ಗೊತ್ತಾಯಿತು. ಹುಡುಗನ ತಾಯಿ ಬಹಳ ಕಟ್ಟುನಿಟ್ಟು, ಮಾತು ಕಡಿಮೆ, ಎಲ್ಲವನ್ನೂ ಗಮನಿಸುತ್ತಾರೆ ಅಂತ ಮಧ್ಯಸ್ಥರು ಮೊದಲೇ ಎಚ್ಚರಿಸಿದ್ದರು. ನಾನು ವಾರದಿಂದ ಮನೆ ತೊಳೆದದ್ದೇ ತೊಳೆದದ್ದು.

ಶನಿವಾರ ಪಕ್ಕದ ಮನೆಯಲ್ಲಿ ಸೀಮಂತ. ಉಳಿದ ಹೋಳಿಗೆ, ಪಾಯಸ, ಅನ್ನ ಎಲ್ಲವನ್ನೂ ಅವರು ಒಂದು ಬೇಸಿನ್‌ನಲ್ಲಿ ತಂದು, ಪಾಪ ಮೂಕ ಪ್ರಾಣಿ ಅಂತ ನಮ್ಮನ್ನು ಕೇಳದೆ ಕುದುರೆಗೆ ಇಟ್ಟಿದ್ದಾರೆ. ಭಾನುವಾರ ಬೆಳಗ್ಗೆ ನೋಡಿದರೆ ಕುದುರೆ ಕಾಲು ಕೆರೆಯುತ್ತಾಳೆ, ತಿರುತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಾಳೆ, ಬೆವರು ಸುರಿಯುತ್ತಿದೆ, ಬಿದ್ದು ಹೊರಳಲು ನೋಡುತ್ತಾಳೆ. ಹೊಟ್ಟೆ ಉಬ್ಬಿ ತಮಟೆಯಾಗಿದೆ. ಪಶುವೈದ್ಯರು ಓಡಿ ಬಂದರು. ಇಂಜೆಕ್ಷನ್ ಕೊಟ್ಟು, ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ ಹಾಕಿದರು. ಕುದುರೆಗೆ ವಾಂತಿ ಬರುವುದಿಲ್ಲ, ತಿಂದದ್ದು ಹಿಂದಿನಿಂದಲೇ ಹೋಗಬೇಕು ಅಂದರು. ಮಲಗಿ ಹೊರಳಿದರೆ ಕರುಳು ತಿರುಚಿಕೊಂಡು ಜೀವಕ್ಕೇ ಬರುತ್ತದೆ, ನಡೆಸುತ್ತಾ ಇರಿ. ಹೂಸು ಬಿಟ್ಟು ಲದ್ದಿ ಹಾಕಿದರೆ ಗೆದ್ದ ಹಾಗೆ. ಅಲ್ಲಿಯ ತನಕ ನಾನೂ ಏನೂ ಹೇಳಲಾರೆ ಅಂದು, ಇನ್ನೊಂದು ಕರೆ ಮುಗಿಸಿ ಬರುತ್ತೇನೆ ಅಂತ ಹೊರಟರು.

ಇವರು ಮನೆ ಸುತ್ತ ನಡೆಸಿದರು. ಬೀಗರ ಕಾರು ಆಗಲೇ ದಾರಿಯಲ್ಲಿತ್ತು, ಇವತ್ತು ಬೇಡ ಅನ್ನುವ ಹಾಗಿರಲಿಲ್ಲ. ಕೊನೆಗೆ ಇವರು ಅಂಗಿ ಬದಲಿಸಲು ಒಳಗೆ ಬಂದರು. ಸೀಮಂತದ ಮನೆಯ ಯಜಮಾನರು ಪ್ರಾಯಶ್ಚಿತ್ತಕ್ಕೆ ಹಗ್ಗ ಹಿಡಿದರು. ಬೀದಿಯವರೆಲ್ಲ ಕಾಂಪೌಂಡಿನ ಮೇಲೆ ಕೂತು, ಒಂದು ಹೂಸಿಗಾಗಿ ಮನೆದೇವರಿಗೆ ಹರಕೆ ಹೊರುತ್ತಿದ್ದರು.

ಬೀಗರು ಬಂದು ಚಾಪೆಯ ಮೇಲೆ ಕೂತರು. ಮಗಳು ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ಬಂದಳು. ನಮ್ಮ ಕಣ್ಣು ಅವಳ ಮೇಲೆ, ಕಿವಿ ಹೊರಗೆ. ಆಗ ಟಿವಿಯ ಪಕ್ಕದಲ್ಲಿ ಚಾರ್ಜಿಗೆ ಹಾಕಿದ್ದ ನನ್ನ ಫೋನು ಹೊಡೆದುಕೊಂಡಿತು. ಸಾಹೇಬರು ಅವತ್ತು ಹಿರಿಯೂರಿನಲ್ಲಿ ನೆಂಟರ ಮನೆಯಲ್ಲಿದ್ದವರು, ಸುದ್ದಿ ಕೇಳಿ ಹೊರಟಿದ್ದರು. ಅವರಿಗೆ ಹೆಣ್ಣು ಮಕ್ಕಳಿಲ್ಲ. ಕುದುರೆಯನ್ನು ಅವರು ಕರೆಯುವುದೇ ಮಗಳು ಅಂತ. ನಾನು ಏಳುವ ಮೊದಲೇ ಅತ್ತೆ ಫೋನ್ ತೆಗೆದರು. ಅವರಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಅಮ್ಮಾ, ಮಗಳು ಹೆಂಗವಳೆ? ಹೂಸು ಬಿಟ್ಟಳಾ?" ಸಾಹೇಬರ ದನಿ ಮನೆಯೆಲ್ಲ ತುಂಬಿಕೊಂಡಿತು.

"ಎಲ್ಲಿ ಬಿಟ್ಟಳಪ್ಪ. ಬೆಳಗ್ಗಿಂದ ಒಂದೂ ಇಲ್ಲ" ಅಂದರು ಅತ್ತೆ.

ನಾನು ನಡುವೆ ಕೂತಿದ್ದ ಬೀಗರನ್ನು ದಾಟಿ ಹೋಗುವಂತಿರಲಿಲ್ಲ.

"ಹೊಟ್ಟೆ ಊದೈತಾ?"

"ಊದೈತಪ್ಪ, ತಮಟೆ ಆಗೈತೆ. ನೋಡಾಕಾಗಲ್ಲ."

ಹುಡುಗನ ತಾಯಿ ಮಗಳ ಹೊಟ್ಟೆಯನ್ನು ನೋಡಿದರು. ಆಮೇಲೆ ತಮ್ಮ ಗಂಡನನ್ನು ನೋಡಿದರು.

ಅತ್ತೆ ದನಿ ತಗ್ಗಿಸಿದೆ ಅಂದುಕೊಂಡು ಇನ್ನೂ ಜೋರಾಗಿ, ಹುಡುಗನ ಕಡೆಯೋರು ಬಂದವರೆ, ಆಮೇಲೆ ಮಾತಾಡಾಣ ಅಂದರು. ಸಾಹೇಬರು ಬಿಡಲಿಲ್ಲ. "ಯಾರಾದ್ರೂ ಬರ್ಲಿ, ಅವಳನ್ನ ಮಾತ್ರ ಕುಂದ್ರಿಸಬ್ಯಾಡ್ರಿ. ಹೊರಗೆ ನಡೆಸ್ರಿ. ಹಿಂದೆ ಒಬ್ರು ನಿಂತು ಕೇಳಿಸ್ಕಳ್ರಿ."

ಅಷ್ಟರಲ್ಲಿ ನಾನು ಹೇಗೋ ಹೋಗಿ ಫೋನ್ ಕಿತ್ತುಕೊಂಡು ಆರಿಸಿದೆ. ಅದು ಕುದುರೆ ವಿಷಯ ಅಂದೆ. ಕುದುರೆ ಅನ್ನುವ ಮಾತು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಎಮ್ಮೆ ಸಾಕಿದ ಮನೆ ಅಂತ ಹೇಳಿದ್ದೆವೇ ಹೊರತು ಕುದುರೆಯ ಸುದ್ದಿ ಎತ್ತಿರಲಿಲ್ಲ. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಸಂಬಂಧ ಮುರಿಯಿತು ಅಂದುಕೊಂಡೆ. ಅವರು, ಎಲ್ಲೈತೆ ತೋರಿಸ್ರಿ ಅಂದರು.

ಎಲ್ಲರೂ ಹಿತ್ತಲಿಗೆ ಬಂದೆವು. ಸೀಮಂತದ ಮನೆಯ ಯಜಮಾನರು ಏದುಸಿರು ಬಿಡುತ್ತಾ ಒರಗಿಕೊಳ್ಳಲು ಜಾಗ ಹುಡುಕುತ್ತಿದ್ದರು, ಕುದುರೆ ಮೊಣಕಾಲು ಮಡಿಸಲು ನೋಡುತ್ತಿದ್ದಳು. ಹುಡುಗ ಚಪ್ಪಲಿ ಕೂಡ ಹಾಕಿಕೊಳ್ಳದೆ ಇಳಿದು ಹೋಗಿ ಹಗ್ಗ ತೆಗೆದುಕೊಂಡ. ಮಗಳು ಇನ್ನೊಂದು ಕಡೆಯಿಂದ ಕುತ್ತಿಗೆ ತಟ್ಟುತ್ತಾ ಜೊತೆಗೆ ನಡೆದಳು. ಬೇರೆ ಮನೆಗಳಲ್ಲಿ ಹುಡುಗ ಹುಡುಗಿ ಮಾತಾಡಲಿ ಅಂತ ಮಹಡಿಗೆ ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಕುದುರೆಯ ಆ ಪಕ್ಕ ಒಬ್ಬರು, ಈ ಪಕ್ಕ ಒಬ್ಬರು. ಮನೆಗೆ ಸುತ್ತು ಹಾಕುತ್ತಲೇ ಇದ್ದರು. ಒಂದೊಂದು ಸಲ ಎದುರಿಗೆ ಬಂದಾಗ ಒಂದೊಂದು ತುಂಡು ಮಾತು ಕೇಳಿಸುತ್ತಿತ್ತು. ಒಮ್ಮೆ ಏಳನೇ ಕ್ಲಾಸಿನ ಗಣಿತ, ಒಮ್ಮೆ ಸಾಂಬಾರಿಗೆ ಬೆಲ್ಲ ಹಾಕುವುದೋ ಬೇಡವೋ.

ನಾನು ಹುಡುಗನ ತಾಯಿಯ ಪಕ್ಕ ನಿಂತಿದ್ದೆ. ಇಬ್ಬರ ಕಣ್ಣೂ ಕುದುರೆಯ ಬಾಲದ ಮೇಲೆ. ಬೈದುಕೊಂಡು ಲದ್ದಿ ಎತ್ತಿದ ದಿನಗಳೆಲ್ಲ ನೆನಪಾಗಿ, ಇವತ್ತೊಂದು ದಿನ ಹಾಕು ತಾಯಿ, ಚಿನ್ನದ ಹಾಗೆ ಎತ್ತುತ್ತೇನೆ ಅಂತ ಒಳಗೇ ಬೇಡಿಕೊಂಡೆ. ಅವಳು ಸತ್ತುಹೋದರೆ ಸಾಹೇಬರಿಗೆ ಹೇಗೆ ಮುಖ ತೋರಿಸುವುದು ಅನ್ನುವುದಕ್ಕಿಂತ, ಆ ಗೂಟ ಮತ್ತೆ ಖಾಲಿಯಾಗುತ್ತದಲ್ಲ ಅಂತಲೇ ನನಗೆ ಹೆಚ್ಚು ಸಂಕಟ.

ಬಾವಿಯ ಮೂಲೆ ತಿರುಗುವಾಗ ಅವಳು ನಿಂತಳು. ಬಾಲ ಎತ್ತಿದಳು. ಬೀದಿಯೇ ಉಸಿರು ಹಿಡಿಯಿತು. ಆಮೇಲೆ ಬಂದ ಸದ್ದನ್ನು ಏನಂತ ಹೇಳಲಿ. ಲಾರಿಯ ಬ್ರೇಕು ಬಿಟ್ಟ ಹಾಗೆ ಶುರುವಾಗಿ, ನಾವೆಲ್ಲ ಮುಗಿಯಿತು ಅಂದುಕೊಂಡ ಮೇಲೂ ಮುಂದುವರಿಯಿತು. ಹಿಂದೆಯೇ ಲದ್ದಿ ಬಿತ್ತು. ಕಾಂಪೌಂಡಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಅಳು ಬಂದು, ಸಿಕ್ಕಿದವರ ಕೈ ಹಿಡಿದುಕೊಂಡೆ. ನೋಡಿದರೆ ಅದು ಹುಡುಗನ ತಾಯಿಯ ಕೈ. ಅವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ಊರಿಗೆ ಹೋಗಿ ತಿಳಿಸುತ್ತೇವೆ ಅನ್ನುವುದು ಪದ್ಧತಿ. ಅವರು ಹಾಗನ್ನಲಿಲ್ಲ. ಆರಿದ ಉಪ್ಪಿಟ್ಟನ್ನು ಬಿಸಿ ಮಾಡಿಸಿಕೊಂಡು ತಿಂದು, ಎಲೆ ಅಡಿಕೆ ತೆಗೆದುಕೊಂಡೇ ಎದ್ದರು. ಮದುವೆಗೆ ಇನ್ನೆರಡು ತಿಂಗಳಿದೆ. ಬೀಗಿತ್ತಿ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಮೊದಲ ಮಾತೇ, "ಮಗಳು ಹೆಂಗವಳೆ? ಹೊಟ್ಟೆ ಸರಿ ಐತಾ?"

ಯಾವ ಮಗಳು ಅಂತ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಇಬ್ಬರೂ ಚೆನ್ನಾಗಿದ್ದಾರೆ ಅಂದುಬಿಡುತ್ತೇನೆ.